ಬಿಚ್ಚಿದ ಒಂಬತ್ತು ಕಟ್ಟುಗಳು

ಬಿಳಿಕೆರೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಫೋನಿನಲ್ಲಿ ನಾನಾಡಿದ ಒಂದು ಮಾತಿನಿಂದ ಒಂಬತ್ತು ಕಟ್ಟು ಕಾಗದ ಹಾಳಾಯಿತು. ಹಾಳಾಯಿತು ಎಂದರೆ ಹರಿಯಲಿಲ್ಲ, ನೆನೆಯಲಿಲ್ಲ, ಒಂದು ಹಾಳೆಯೂ ಕಳೆದುಹೋಗಲಿಲ್ಲ. ಆದರೂ ಹಾಳಾಯಿತು. ನಮ್ಮ ಕಸುಬಿನ ಹೊರಗಿನವರಿಗೆ ಇದನ್ನು ತಿಳಿಸಿ ಹೇಳುವುದು ಕಷ್ಟ, ಮನೆಯವರಿಗೆ ಹೇಳಲು ಹೋಗಿ ಬೈಸಿಕೊಂಡಿದ್ದೇನೆ.

ನಾನು ಹುಣಸೂರಿನ ಒಂದು ಕಾಲೇಜಿನಲ್ಲಿ ಹಳೆಯ ದಾಖಲೆಗಳನ್ನು ನೋಡಿಕೊಳ್ಳುವವಳು. ನಮ್ಮ ವೃತ್ತಿಯವರಿಗೆ ಒಂದು ಸಂಘವಿದೆ. ದಲಿತರು, ಆದಿವಾಸಿಗಳು ಈ ಕೆಲಸಕ್ಕೆ ಬಂದರೆ ಅವರ ಬೆನ್ನಿಗೆ ನಿಲ್ಲಲೆಂದು ಆ ಸಂಘದೊಳಗೇ ಒಂದು ಬೆಂಬಲ ಸಮಿತಿಯನ್ನು ಮಾಡಿಕೊಂಡೆವು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿಗೆ ಸೇರಿ ಸಮಿತಿ ಎಂದರೆ ಇಬ್ಬರೇ: ನಾನು, ಮತ್ತೆ ಹೊಸ ಅಗ್ರಹಾರದಲ್ಲಿರುವ, ನನ್ನಂತೆ ದಲಿತರೇ ಆದ ಒಬ್ಬ ನಿವೃತ್ತ ದಾಖಲೆಪಾಲಕರು. ಅವರನ್ನು ಎಲ್ಲರೂ ಹಿರಿಯರು ಎನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಸಮಿತಿಗೆ ಕಚೇರಿ ಇರಲಿಲ್ಲ. ನನ್ನ ಬ್ಯಾಗೇ ಕಚೇರಿ. ಕಾಲೇಜು ಮುಗಿಸಿ, ರಜೆ ಹಾಕಿ, ಬಸ್ಸು ಹತ್ತಿಳಿದು ಮಾಡುವ ಕೆಲಸ ಅದು. ಒಂದು ಕಡೆ ಕೂತು ಉಸಿರು ಬಿಟ್ಟ ನೆನಪು ಆ ವರ್ಷದಲ್ಲಿ ನನಗಿಲ್ಲ.

ನಮ್ಮ ತಾತ ಊರಿನ ತೋಟಿ. ಕಂದಾಯದ ಕಾಗದಗಳ ಗಂಟನ್ನು ತಲೆಯ ಮೇಲೆ ಹೊತ್ತು ತಾಲ್ಲೂಕು ಕಚೇರಿಗೆ ಮುಟ್ಟಿಸುವುದು ಅವನ ಕೆಲಸ. ಜೀವಮಾನವೆಲ್ಲ ಹೊತ್ತ, ಒಂದು ಸಲವೂ ಬಿಚ್ಚಿ ನೋಡಲಿಲ್ಲ. ಬಿಚ್ಚುವ ಹಕ್ಕು ನನ್ನ ಕಾಲಕ್ಕೆ ಬಂತು ಎಂದು ನಾನು ತರಬೇತಿಗಳಲ್ಲಿ ಭಾಷಣ ಹೊಡೆಯುತ್ತಿದ್ದೆ. ಚಪ್ಪಾಳೆಯೂ ಬೀಳುತ್ತಿತ್ತು.

ಆ ವರ್ಷ ನಮ್ಮ ಸಮಿತಿಯ ಆಸರೆಯಲ್ಲಿ ಇದ್ದವಳು ಒಬ್ಬಳೇ, ಹನಗೋಡಿನ ಕಡೆಯ ಒಂದು ಜೇನುಕುರುಬರ ಹಾಡಿಯ, ಎಂದರೆ ಕಾಡಂಚಿನ ಕೇರಿಯ, ಹುಡುಗಿ. ಹುಡುಗಿ ಎಂದರೆ ಅವಳಿಗೆ ಸಿಟ್ಟು ಬರುತ್ತದೆ, ಇಪ್ಪತ್ತೇಳು ತುಂಬಿತ್ತು. ಬಿ.ಎ. ಮುಗಿಸಿ ಸಂಘದ ತರಬೇತಿಯನ್ನೂ ಮುಗಿಸಿದ್ದಳು. ಉಳಿದದ್ದು ಕೊನೆಯ ಹಂತ: ಒಂದು ಹಳೆಯ ಸಂಗ್ರಹವನ್ನು ತಾನೇ ಜೋಡಿಸಿ, ಪಟ್ಟಿ ಮಾಡಿ, ಸಂಘದ ಪರಿಶೀಲಕರಿಗೆ ತೋರಿಸಬೇಕು. ಅವರು ಒಪ್ಪಿದರೆ ಪ್ರಮಾಣಪತ್ರ. ಅದು ಸಿಕ್ಕರೆ ಆ ಸಂಗ್ರಹವನ್ನು ನೋಡಿಕೊಳ್ಳುವ ಖಾಯಂ ಕೆಲಸ ಅವಳದೇ ಎಂದು ಕಾಗದಗಳ ಒಡೆತನದ ಟ್ರಸ್ಟಿನವರು ಮಾತು ಕೊಟ್ಟಿದ್ದರು. ಸಿಗದಿದ್ದರೆ ಕೊಡಗಿನ ಕಾಫಿ ತೋಟದ ಕೂಲಿಗಳ ಲೈನುಮನೆ, ಅವಳ ಅವ್ವ ಇರುವಲ್ಲಿಗೆ.

ಸಂಗ್ರಹವೆಂದರೆ ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಎಂದೋ ಮುಚ್ಚಿಹೋದ ಒಂದು ವಸತಿಶಾಲೆಯ ಕಾಗದಗಳು. ಹಾಡಿಯ ಮಕ್ಕಳು ಓದಿದ ಶಾಲೆ. ಒಟ್ಟು ಮೂವತ್ತೊಂದು ಕಟ್ಟು, ಪಿರಿಯಾಪಟ್ಟಣದಲ್ಲಿ ಟ್ರಸ್ಟಿನ ಒಂದು ಕೋಣೆಯಲ್ಲಿದ್ದವು. ಆ ಶಾಲೆಯ ವಾರ್ಡನ್ ಶಿಸ್ತಿನ ಮನುಷ್ಯನೇನಲ್ಲ. ಆದರೆ ಒಂದು ರೂಢಿ ಇಟ್ಟುಕೊಂಡಿದ್ದ. ಆಯಾ ದಿನದ ಕಾಗದವನ್ನು, ಅದು ಏನೇ ಇರಲಿ, ಹಿಂದಿನ ದಿನದ್ದರ ಮೇಲೆ ಇಡುವುದು. ಮಗುವಿನ ಸೇರ್ಪಡೆ ಅರ್ಜಿ, ಅದರ ಮೇಲೆ ರಾಗಿ ಬಂದ ಚೀಟಿ, ಅದರ ಮೇಲೆ ವೈದ್ಯರ ಚೀಟಿ. ಎಷ್ಟೋ ಚೀಟಿಗಳಲ್ಲಿ ಹೆಸರಿಲ್ಲ, ತಾರೀಖಿಲ್ಲ. 'ಇವನು ಇಂದು ಬಂದ' ಎಂದು ಬರೆದಿದ್ದರೆ ಇವನು ಯಾರು ಎಂದು ಕೆಳಗಿನ ಹಾಳೆಯೇ ಹೇಳಬೇಕು. ಅದಕ್ಕೇ ಸಿಕ್ಕ ಕ್ರಮವನ್ನು ಕೆಡಿಸಬಾರದು, ಬಿಚ್ಚುವ ಮುಂಚೆ ಪ್ರತಿ ಹಾಳೆಯ ಹಿಂದೆ ಮೂಲೆಯಲ್ಲಿ ಮೆತ್ತಗೆ ಪೆನ್ಸಿಲಿನಲ್ಲಿ ನಂಬರ್ ಹಾಕಬೇಕು ಎಂಬುದು ನಮ್ಮ ಕೆಲಸದ ಮೊದಲ ಪಾಠ. ನಾನೇ ಅವಳಿಗೆ ಹೇಳಿಕೊಟ್ಟ ಪಾಠ.

ಕೆಲಸ ಶುರುವಾದ ವಾರದಲ್ಲೇ ಹಾಡಿಯ ಒಬ್ಬ ಅಜ್ಜ ಕೋಣೆಗೆ ಬಂದನಂತೆ. ಅವನ ತಂಗಿ ಆ ಶಾಲೆಯಲ್ಲಿದ್ದಳು, ಅಲ್ಲೇ ಜ್ವರ ಬಂದು ತೀರಿಕೊಂಡಳು. ಅವಳದು ಏನಾದರೂ ಕಾಗದ ಇದ್ದರೆ ಒಂದು ಸಲ ಮುಟ್ಟಿ ನೋಡಬೇಕು ಎಂದ. ಹುಡುಗಿ ಹುಡುಕಿ ಹುಡುಕಿ ಸಿಗದೆ ನನಗೆ ಫೋನು ಮಾಡಿದಳು.

"ಅಕ್ಕ, ಮೂರು ಕಟ್ಟು ನೋಡ್ದೆ, ಸಿಗ್ಲಿಲ್ಲ. ಅಜ್ಜ ಬಾಗ್ಲಲ್ಲೇ ಕುಂತವ್ನೆ. ಹಾಡಿ ಹಾಡೀದು, ಮನೆ ಮನೇದು ಬೇರೆ ಬೇರೆ ಮಾಡ್ಬುಟ್ರೆ ಎಲ್ರಿಗೂ ಸುಲ್ಬ ಆಯ್ತದೆ ಅಲ್ವಾ? ನಂಬರ್ ಹಾಕ್ತಾ ಕೂತ್ರೆ ಇನ್ನೊಂದು ತಿಂಗ್ಳಾಯ್ತದೆ."

ಅಷ್ಟರಲ್ಲಿ ಹುಣಸೂರಿನ ಬಸ್ಸು ಬಂತು. ಒಂದು ಕೈಯಲ್ಲಿ ಬ್ಯಾಗು, ಒಂದು ಕೈಯಲ್ಲಿ ಫೋನು, ಮುಂದೆ ನೂಕುನುಗ್ಗಲು. "ಮಾಡು ಕಣಮ್ಮ, ನಿಮ್ಮೋರಿಗೆ ಸಿಗೋ ಹಂಗೆ ಮಾಡು. ನಂಬರ್ ಗಿಂಬರ್ ಆಮೇಲೆ ನೋಡ್ಕೊಳನ" ಎಂದೆ. ಹತ್ತಿದೆ. ಸೀಟು ಸಿಕ್ಕಿತು ಎಂಬ ಖುಷಿಯಲ್ಲಿ ಆ ಮಾತನ್ನು ಮರೆತೂ ಬಿಟ್ಟೆ.

ಮೂರು ವಾರದ ನಂತರ ಪಿರಿಯಾಪಟ್ಟಣಕ್ಕೆ ಹೋದರೆ ಮೇಜಿನ ಮೇಲೆ ಸಾಲಾಗಿ ಕವರುಗಳು. ಒಂದೊಂದಕ್ಕೂ ಹಾಡಿಯ ಹೆಸರು, ಅದರೊಳಗೆ ಮನೆತನದ ಹೆಸರು, ಬಿಳಿ ಹತ್ತಿಯ ಲಾಡಿ. ಒಂಬತ್ತು ಕಟ್ಟು ಬಿಚ್ಚಿ ಮುಗಿಸಿದ್ದಳು. ಹೆಣ್ಣುಮಗಳ ಅಚ್ಚುಕಟ್ಟು ನೋಡಿ ನಾನು ಹಿಗ್ಗಿಹೋದೆ. ಅಜ್ಜನಿಗೆ ತಂಗಿಯ ಸೇರ್ಪಡೆ ಅರ್ಜಿ ಸಿಕ್ಕಿತ್ತು. ಕೆಳಗಿದ್ದ ಹೆಬ್ಬೆಟ್ಟಿನ ಗುರುತು ತನ್ನ ಅಪ್ಪನದು ಎಂದು ಅದರ ಮೇಲೆ ಬೆರಳಿಟ್ಟು ಕೂತಿದ್ದನಂತೆ.

ಕೊನೆಯಲ್ಲಿ ಎಲ್ಲಕ್ಕಿಂತ ದಪ್ಪಗೆ ಒಂದು ಕವರಿತ್ತು. ಅದರ ಮೇಲೆ ಬರೆದಿತ್ತು: 'ಯಾರದೆಂದು ಗೊತ್ತಿಲ್ಲ'. ತೆಗೆದು ನೋಡಿದೆ. 'ಇವಳಿಗೆ ಜ್ವರ. ಮನೆಗೆ ಹೇಳಿ ಕಳಿಸಿದೆ.' 'ಈ ಹುಡುಗ ಓಡಿಹೋದ, ಸಂಜೆಗೆ ತಾನೇ ಬಂದ.' 'ಅಪ್ಪ ಬಂದ. ಎರಡು ದಿನ ಮಗುವಿನ ಹತ್ತಿರವೇ ಇದ್ದ. ಮೂರನೆಯ ದಿನ ಬೆಳಿಗ್ಗೆ ಮಗು ಹೋಯಿತು.'

ಆ ಕೊನೆಯ ಚೀಟಿ ಕೈಯಲ್ಲಿ ಹಿಡಿದುಕೊಂಡೇ ಕೇಳಿದೆ, "ಇದು ಯಾವ ಹಾಳೆ ಮೇಲಿತ್ತು?"

"ಗೊತ್ತಿಲ್ಲ ಅಕ್ಕ" ಎಂದವಳು ಅಲ್ಲಿಗೇ ನಿಂತಳು. ನಾನು ಇನ್ನೇನೂ ಹೇಳಬೇಕಾಗಲಿಲ್ಲ. ಮೇಜಿನ ಮೇಲಿದ್ದ ಕೈಯನ್ನು ಬಿಸಿ ತಗುಲಿದಂತೆ ಹಿಂದಕ್ಕೆ ಎಳೆದುಕೊಂಡಳು. ನಂಬರ್ ಹಾಕಿರಲಿಲ್ಲ. ಫೋಟೋ ತೆಗೆದಿರಲಿಲ್ಲ. ಪರಿಶೀಲಕರು ಬರಲು ಐದು ವಾರ ಉಳಿದಿತ್ತು.

ಅಂದು ಬಸ್ಸಿನಲ್ಲಿ ಹುಣಸೂರಿನಲ್ಲಿ ಇಳಿಯಬೇಕಾದವಳು ಬಿಳಿಕೆರೆಗೆ ಬಂದು ಇಳಿದೆ. ಅಲ್ಲಿಂದ ಸೀದಾ ಕೆ.ಆರ್. ನಗರಕ್ಕೆ, ಅಲ್ಲಿಂದ ಹೊಸ ಅಗ್ರಹಾರಕ್ಕೆ. ಹಿರಿಯರು ಜಗಲಿಯ ಮೇಲೆ ಕನ್ನಡಕ ಒರೆಸುತ್ತ ಪೂರ್ತಿ ಕೇಳಿಸಿಕೊಂಡರು.

"ಸುಮ್ನಿದ್ಬುಡು" ಎಂದರು. "ಕಟ್ಟು ಸಿಕ್ಕಾಗ್ಲೇ ಹಾಡಿವಾರು ಇತ್ತು ಅಂತ ಬರ್ಸು. ನೋಡ್ದೋರು ಯಾರವ್ರೆ?"

"ಸುಳ್ಳಲ್ವಾ ಸಾರ್?"

"ಸುಳ್ಳೇ ಕಣಮ್ಮ. ನಾನು ಕೆಲ್ಸಕ್ಕೆ ಸೇರಿದ ವರ್ಸ ಒಂದು ಫೈಲು ಕಾಣೆಯಾಯ್ತು. ಕೋಣೇಲಿ ಆರು ಜನ ಇದ್ರು. ಯಾರನ್ನ ಕೇಳಿದ್ರು ಹೇಳು? ನನ್ನೊಬ್ಬನ್ನೇ. ಆಮ್ಯಾಕೆ ಸಾಹೇಬ್ರ ಮನೇಲೇ ಸಿಗ್ತು, ಯಾರೂ ನಂಗೆ ಹೇಳ್ನೂ ಇಲ್ಲ. ಅವತ್ತಿಂದ ನಾನು ತಪ್ಪು ಮಾಡ್ದೆ ಅಂತ ಒಂದ್ಸಲಾನೂ ಬಾಯಿ ಬುಟ್ಟಿಲ್ಲ. ಅದ್ಕೇ ನಿವೃತ್ತಿ ಆಗೋಗಂಟ ಉಳ್ದೆ."

ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ಅದೇ ತೊಂದರೆ. ಬೇರೆಯವರು ತಪ್ಪಿದರೆ ಅವರೊಬ್ಬರು ತಪ್ಪಿದರು ಎನ್ನುತ್ತಾರೆ. ನಮ್ಮಲ್ಲೊಬ್ಬರು ತಪ್ಪಿದರೆ 'ಇವರಿಗೆಲ್ಲ ಕೊಟ್ಟರೆ ಹೀಗೇ' ಎನ್ನುತ್ತಾರೆ. ನಮ್ಮ ಸಮಿತಿ ಯಾಕೆ ಬೇಕು ಎಂದು ಸಂಘದಲ್ಲಿ ಪ್ರತಿ ವರ್ಷ ಎದ್ದು ಕೇಳುವವರಿದ್ದರು. ಅವರ ಕೈಗೆ ನಾನೇ ದೊಣ್ಣೆ ಕೊಟ್ಟಂತಾಗುತ್ತಿತ್ತು. ಯೋಚಿಸುತ್ತೇನೆ ಎಂದು ಎದ್ದು ಬಂದೆ. ಯೋಚಿಸುತ್ತೇನೆ ಎಂದರೆ ಮುಕ್ಕಾಲು ಪಾಲು ಒಪ್ಪಿದೆ ಎಂದೇ ಅರ್ಥ.

ಬರೆಯುವುದು ಏನಾದರೂ ಬರೆಯೋಣ, ಮೊದಲು ಹಾಳೆಗಳನ್ನು ವಾಪಸು ಕೂರಿಸಲು ಆಗುತ್ತದೆಯೇ ನೋಡೋಣ ಎಂದು ಹುಡುಗಿಗೆ ಹೇಳಿದೆ. ಕಾಲೇಜಿಗೆ ರಜೆ ಹಾಕಿ ದಿನಾ ಪಿರಿಯಾಪಟ್ಟಣಕ್ಕೆ ಹೋಗತೊಡಗಿದೆ. ಅವಳು ಹನಗೋಡಿನಿಂದ ಹುಣಸೂರಿಗೆ ಬರುವ ಹೊತ್ತಿಗೆ ನಾನು ನಿಲ್ದಾಣದಲ್ಲಿ ಕಾಯುತ್ತಿರುತ್ತಿದ್ದೆ. ಒಂದೇ ಸೀಟಿನಲ್ಲಿ ಕೂತು ಹೋಗುತ್ತಿದ್ದೆವು.

ಮೊದಲು ತಾರೀಖು ಇದ್ದ ಹಾಳೆಗಳನ್ನು ಸಾಲಾಗಿ ಇಟ್ಟೆವು. ಮೂರರಲ್ಲಿ ಒಂದು ಪಾಲು ಕೂತಿತು. ಆಮೇಲೆ ಅಂಚಿನಲ್ಲಿದ್ದ ನೀರಿನ ಕಲೆ ನನ್ನ ಕಣ್ಣಿಗೆ ಬಿತ್ತು. ಒಂದೇ ಕಲೆ ಇರುವ ಹಾಳೆಗಳೆಲ್ಲ ಒಂದೇ ಕಟ್ಟಿನವು ಎಂದು ತೀರ್ಮಾನಿಸಿದೆ. ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡು ನಾಲ್ಕು ದಿನ ಅದರ ಪ್ರಕಾರ ಜೋಡಿಸಿದೆವು. ಐದನೆಯ ದಿನ ನೋಡಿದರೆ ಒಂದೇ ಕಟ್ಟಿನಲ್ಲಿ ಎರಡೆರಡು ವರ್ಷದ ಅಂತರದ ತಾರೀಖುಗಳು ಅಕ್ಕಪಕ್ಕ ಬಂದು ಕೂತಿವೆ. ಟ್ರಸ್ಟಿನ ಕೋಣೆಯಲ್ಲಿ ಕಟ್ಟುಗಳನ್ನು ಒಂದರ ಮೇಲೊಂದು ಪೇರಿಸಿದ್ದಾಗ ಸೂರು ಸೋರಿ, ನೀರು ನಾಲ್ಕೈದು ಕಟ್ಟಿನ ಅಂಚಿಗೂ ಇಳಿದಿತ್ತು. ನಾಲ್ಕು ದಿನದ ಕೆಲಸ ಬಿಚ್ಚಿ ಮತ್ತೆ ಮೊದಲಿಗೆ ಬಂದೆವು. ನಾನು ಎದ್ದು ಆ ಸಣ್ಣ ಕೋಣೆಯಲ್ಲೇ ಗಿರಗಿರ ಸುತ್ತತೊಡಗಿದೆ. ಉಗುರು ಕಚ್ಚಿ ಕಚ್ಚಿ ಬೆರಳಲ್ಲಿ ರಕ್ತ ಬಂದಿತ್ತು.

"ಅಕ್ಕ, ಕುಂತ್ಕಳಿ. ನೀವಿಂಗೆ ಸುತ್ತುದ್ರೆ ಗಾಳಿಗೆ ಹಾಳೆ ಹಾರ್ತವೆ" ಎಂದಳು ಹುಡುಗಿ. ಎಷ್ಟೋ ದಿನದ ಮೇಲೆ ಅವಳಾಡಿದ ಮೊದಲ ತಮಾಷೆ ಅದು.

ಮಾರನೆಯ ಬೆಳಿಗ್ಗೆ ಅವಳು ಒಂದು ಹಾಳೆಯನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಅದನ್ನಿಟ್ಟು ಇನ್ನೊಂದನ್ನು ಹಿಡಿದಳು. ಮತ್ತೆ ಮೊದಲಿನದನ್ನು ಹಿಡಿದಳು.

"ಬನ್ನಿ ಅಕ್ಕ ಇಲ್ಲಿ. ಈ ಹಾಳೇಲಿ ತೂತು ನೋಡಿ. ಇದ್ರಲ್ಲಿ ಅದೇ ತೂತು, ಅದೇ ಜಾಗ, ಚೂರು ದೊಡ್ಡದು. ಹುಳ ಇದ್ರಿಂದ ಇದ್ಕೇ ಹೋಗ್ಯದೆ."

ಹುಳು ಹಾಳೆ ಬಿಟ್ಟು ಹಾಳೆಗೆ ಹಾರುವುದಿಲ್ಲ. ಒಂದರಿಂದ ಅದರ ಕೆಳಗಿನದಕ್ಕೆ, ಅದರಿಂದ ಅದರ ಕೆಳಗಿನದಕ್ಕೆ ಕೊರೆದುಕೊಂಡೇ ಇಳಿಯಬೇಕು. ಇಳಿಯುತ್ತ ತೂತು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಯುತ್ತದೆ, ದೊಡ್ಡದಾಗುತ್ತದೆ, ಒಂದು ಕಡೆ ಸಣ್ಣದಾಗಿ ನಿಂತುಹೋಗುತ್ತದೆ. ಇಷ್ಟು ವರ್ಷ ಹುಳುವನ್ನು ಶತ್ರು ಎಂದು ಔಷಧಿ ಹೊಡೆದುಕೊಂಡು ಬಂದವಳಿಗೆ ಇದು ತೋಚಿರಲಿಲ್ಲ.

ಅಲ್ಲಿಂದ ಕೆಲಸಕ್ಕೆ ಒಂದು ದಾರಿಯಾಯಿತು. ಹಳೆಯ ಕಿಟಕಿಯ ಗಾಜನ್ನು ಎರಡು ಸ್ಟೂಲಿನ ಮೇಲೆ ಮಲಗಿಸಿ ಕೆಳಗೆ ಟ್ಯೂಬ್‌ಲೈಟ್ ಇಟ್ಟೆವು. ಒಂದೊಂದು ಹಾಳೆಯನ್ನೂ ಅದರ ಮೇಲೆ ಹಾಸಿ, ಬಟರ್ ಪೇಪರಿನಲ್ಲಿ ತೂತುಗಳ ಗುರುತು ಎಳೆದುಕೊಂಡೆವು. ಆ ಗುರುತುಗಳನ್ನು ಒಂದರ ಮೇಲೊಂದು ಇಟ್ಟು ಯಾವುದರ ಕೆಳಗೆ ಯಾವುದು ಎಂದು ನೋಡುವುದು. ಒಂದೇ ತೂತು ಹೊಂದಿದರೆ ನಂಬಬಾರದು, ಮೂರಾದರೂ ಹೊಂದಬೇಕು ಎಂದು ಅವಳೇ ನಿಯಮ ಮಾಡಿದಳು. ಅನುಮಾನ ಬಂದಲ್ಲಿ ಗುಂಡುಸೂಜಿಯ ತುಕ್ಕಿನ ಗುರುತೂ ಹೊಂದಬೇಕು. ಒಂಬತ್ತರಲ್ಲಿ ಎರಡು ಕಟ್ಟಿಗೆ ಹುಳು ಬಿದ್ದೇ ಇರಲಿಲ್ಲ. ಹುಳು ತಿನ್ನಲಿಲ್ಲವಲ್ಲ ಎಂದು ನಾನು ಬೈದುಕೊಂಡದ್ದು ಜೀವನದಲ್ಲಿ ಅದೇ ಮೊದಲು. ಅವೆರಡನ್ನು ತುಕ್ಕು, ತಾರೀಖು, ಮಡಿಕೆಯ ಗೆರೆಗಳಿಂದಲೇ ಕೂರಿಸಬೇಕಾಯಿತು.

ನಾಲ್ಕನೆಯ ಕಟ್ಟು ಮುಗಿಯುವಾಗ ಆ ಚೀಟಿ ತನ್ನ ಜಾಗಕ್ಕೆ ಬಂದು ಕೂತಿತು. 'ಅಪ್ಪ ಬಂದ. ಎರಡು ದಿನ ಮಗುವಿನ ಹತ್ತಿರವೇ ಇದ್ದ.' ಅದರ ಕೆಳಗೆ ಜ್ವರದ ಚೀಟಿ. ಅದರ ಕೆಳಗೆ ಅದೇ ಮಗುವಿನ ಹೆಸರಿದ್ದ ವೈದ್ಯರ ಚೀಟಿ. ಮೂರು ತೂತುಗಳೂ ಒಂದೇ ಗೆರೆಯಲ್ಲಿ ಇಳಿದಿದ್ದವು. ಹೆಸರು ಅಜ್ಜನ ತಂಗಿಯದು.

ಹುಡುಗಿ ಅಜ್ಜನನ್ನು ಕರೆಸಿದಳು. ಓದಿ ಹೇಳಿದಳು. ಅವನು ಇನ್ನೊಂದು ಸಲ ಓದು ಎಂದ. ಓದಿದಳು.

"ನಮ್ಮಪ್ಪ ಆನೆಗೆ ಎದ್ರಿ ಅರ್ದ ದಾರೀಲೇ ವಾಪಸ್ ಬಂದ, ಮಗಿನ್ತಾವ ಓಗ್ಲೇ ಇಲ್ಲ ಅಂತ ನಮ್ಮವ್ವ ಸಾಯೋಗಂಟ ಅಂತಿದ್ಲು" ಎಂದ ಅಜ್ಜ. "ಅವ್ನು ಓಗಿದ್ದೆ ಅಂತಿದ್ದ. ನಾವೂ ನಂಬ್ನಿಲ್ಲ." ಮತ್ತೆ ಕೇಳಿದ, "ಇದು ನಮ್ಮಪ್ಪಂದೇ ಅಂತ ನಿಂಗೆ ಎಂಗೆ ಗೊತ್ತಾಯ್ತವ್ವ?"

ಅವಳು ಗಾಜಿನ ಮೇಲೆ ಹಾಳೆಗಳನ್ನು ಹಾಸಿ, ತೂತಿನಿಂದ ತೂತಿಗೆ ಬೆರಳಿಟ್ಟು ತೋರಿಸಿದಳು. ತಾನೇ ಬಿಚ್ಚಿ ಕಲೆಸಿದ್ದನ್ನೂ ಹೇಳಿದಳು. ಅಜ್ಜ ಬಗ್ಗಿ ಒಂದೊಂದನ್ನೂ ನೋಡಿದ. ಆಮೇಲೆ ಅಲ್ಲೇ ಕೂತು ಅತ್ತ. ನಾನೂ ಅತ್ತೆ, ಮುಚ್ಚಿಟ್ಟುಕೊಳ್ಳುವುದೇನಿದೆ.

ಅಂದೇ ನನಗೆ ನಿರ್ಧಾರವಾಯಿತು. ಕಟ್ಟು ಮೊದಲಿಂದ ಹೀಗೇ ಇತ್ತು ಎಂದೋ, ಹಾಡಿವಾರು ಇತ್ತು ಎಂದೋ ಸುಳ್ಳು ಬರೆದರೆ ಆ ಚೀಟಿಗೆ ಬೆಲೆ ಇರುವುದಿಲ್ಲ. ಕ್ರಮ ಕೆಟ್ಟಿತ್ತು, ಹೀಗೆ ಕೂರಿಸಿದೆವು ಎಂದು ಬರೆದರೆ ಮಾತ್ರ, ನಾಳೆ ಅನುಮಾನ ಬಂದವರು ಗಾಜಿನ ಮೇಲಿಟ್ಟು ತಾವೇ ನೋಡಿಕೊಳ್ಳಬಹುದು. ಹಿರಿಯರಿಗೆ ಫೋನು ಮಾಡಿ ಹೇಳಿದೆ.

"ಸಮಿತಿ ಮುಚ್ಚುಸ್ಬುಡ್ತೀಯ ಕಣಮ್ಮ ನೀನು" ಎಂದರು. "ಆ ಮಗೀನ ಕೆಲ್ಸಾನೂ ಕಳೀತೀಯ."

"ತಪ್ಪು ನಂದು ಅಂತ ಬರೀತೀನಿ ಸಾರ್. ಫೋನಲ್ಲಿ ಹೇಳಿದ್ದು ನಾನೇ ತಾನೆ."

ಅವರು ಫೋನಿಟ್ಟರು. ಹುಡುಗಿಗೆ ಏನೂ ಹೇಳದೆ ಒಂದು ಪತ್ರ ಬರೆದು ಬ್ಯಾಗಿನಲ್ಲಿಟ್ಟುಕೊಂಡೆ. ಸಮಿತಿಯ ಮಾರ್ಗದರ್ಶಕಿಯಾದ ನನ್ನ ಸೂಚನೆಯಿಂದಲೇ ಕ್ರಮ ಕೆಟ್ಟಿತು, ಅಭ್ಯರ್ಥಿಯ ತಪ್ಪಿಲ್ಲ ಎಂದು. ಬರೆದ ಮೇಲೆ ನನ್ನ ಬಗ್ಗೆ ನನಗೇ ಸ್ವಲ್ಪ ಗೌರವ ಬಂದಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಪರಿಶೀಲಕರು ಬಂದ ದಿನ ಹೇಳದೆ ಕೇಳದೆ ಹಿರಿಯರೂ ಬಂದು ಮೂಲೆಯ ಕುರ್ಚಿಯಲ್ಲಿ ಕೂತರು. ಪರಿಶೀಲಕರು ಒಣ ಮನುಷ್ಯ, ಕೊಟ್ಟ ಕಾಫಿಯನ್ನೂ ಕಾಗದಗಳಿಂದ ದೂರ, ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಇಟ್ಟು ಬಂದರು. ಅವರು ಕೂರುವ ಮುಂಚೆಯೇ ನಾನು ಬ್ಯಾಗಿನಿಂದ ಪತ್ರ ತೆಗೆದು, "ಸಾರ್, ಮೊದಲು ಒಂದು ಮಾತು. ಇದರಲ್ಲಿ ನನ್ನ ತಪ್ಪು" ಎಂದು ಶುರು ಮಾಡಿದೆ.

"ಅಕ್ಕ ಹೇಳಿದ್ರು ಸಾ, ನಿಜ" ಎಂದಳು ಹುಡುಗಿ, ನನ್ನ ಮಾತಿನ ನಡುವೆಯೇ. "ಬಿಚ್ಚಿದ್ದು ನಾನು. ನಂಬರ್ ಹಾಕ್ಬೇಕು ಅಂತ ನಂಗೆ ಗೊತ್ತಿತ್ತು. ಎಲ್ಲಾ ಬರ್ದಿಟ್ಟಿವ್ನಿ."

ಜೋಡಿಸಿದ ಕಟ್ಟುಗಳನ್ನು ಇಟ್ಟಿದ್ದ ಮೊದಲ ಪೆಟ್ಟಿಗೆ ತೆರೆದಳು. ಎಲ್ಲಕ್ಕಿಂತ ಮೇಲೆ ಒಂದು ಹಾಳೆ, ಅವಳ ಗುಂಡನೆಯ ಅಕ್ಷರ. ನಾನೂ ಅದನ್ನು ನೋಡಿದ್ದು ಆಗಲೇ. ಪರಿಶೀಲಕರು ಗಟ್ಟಿಯಾಗಿ ಓದಿದರು.

'ಈ ಸಂಗ್ರಹದ ಮೊದಲ ಒಂಬತ್ತು ಕಟ್ಟುಗಳ ಮೂಲಕ್ರಮವನ್ನು ನಂಬರ್ ಹಾಕದೆ ಬಿಚ್ಚಿ ಕೆಡಿಸಿದವಳು ನಾನು. ನಮ್ಮ ಹಾಡಿಯವರಿಗೆ ಬೇಗ ಸಿಗಲಿ ಎಂದು ಹೀಗೆ ಮಾಡಿದೆ. ಏಳು ಕಟ್ಟುಗಳನ್ನು ಹುಳು ಕೊರೆದ ತೂತುಗಳ ಆಧಾರದಿಂದಲೂ ಎರಡು ಕಟ್ಟುಗಳನ್ನು ತುಕ್ಕು, ಮಡಿಕೆ, ತಾರೀಖುಗಳಿಂದಲೂ ಮತ್ತೆ ಜೋಡಿಸಿದ್ದೇನೆ. ಆ ಎರಡರ ಕ್ರಮವನ್ನು ಪೂರ್ತಿ ನಂಬಬೇಡಿ. ಹನ್ನೊಂದು ಚೀಟಿಗಳಿಗೆ ಜಾಗ ಸಿಗಲಿಲ್ಲ. ಅವು ಕೊನೆಯ ಕವರಿನಲ್ಲಿವೆ. ಹಾಡಿವಾರು ಹೆಸರುಗಳ ಪಟ್ಟಿಯನ್ನು ಬೇರೆಯಾಗಿ ಮಾಡಿದ್ದೇನೆ, ಕಾಗದಗಳನ್ನು ಕದಲಿಸದೆ ಅದರಿಂದ ಹುಡುಕಬಹುದು.'

ಕೆಳಗೆ ಅವಳ ಪೂರ್ತಿ ಹೆಸರು, ಹಾಡಿಯ ಹೆಸರು, ಸಹಿ.

ಪರಿಶೀಲಕರು ಕನ್ನಡಕ ತೆಗೆದರು. "ತಪ್ಪು ಒಪ್ಪಿಕೊಂಡರೆ ನಮ್ಮಲ್ಲಿ ಅಂಕ ಇಲ್ಲ, ಗೊತ್ತಲ್ಲ?" ಎಂದರು. "ಇದನ್ನ ಪೆಟ್ಟಿಗೆಯಲ್ಲೇ ಬಿಡ್ತೀರಾ? ಮುಂದೆ ಬರೋರೆಲ್ಲ ಓದ್ತಾರೆ."

"ಅದ್ಕೇ ಬರ್ದಿರೋದು ಸಾ."

ಆಮೇಲೆ ಮಧ್ಯಾಹ್ನದವರೆಗೆ ಅವರು ಅಲ್ಲೊಂದು ಇಲ್ಲೊಂದು ಹಾಳೆ ಎತ್ತಿ, ಇದು ಇಲ್ಲೇ ಎಂದು ತೋರಿಸಿ ಎಂದರು. ಅವಳು ಗಾಜಿನ ಮೇಲಿಟ್ಟು ತೋರಿಸಿದಳು. ಒಂದು ಕಡೆ ಗೊತ್ತಿಲ್ಲ ಎಂದಳು. ಅವರು ಏನನ್ನೋ ಬರೆದುಕೊಂಡು, ತಣ್ಣಗಾದ ಕಾಫಿ ಕುಡಿದು ಹೋದರು. ಮುಖದಲ್ಲಿ ಏನೂ ತಿಳಿಯಲಿಲ್ಲ.

ಅವರು ಹೋದ ಮೇಲೆ ನಾನು ಅವಳಿಗೆ ಬೈದೆ. ನನ್ನ ಮೇಲೆ ಹಾಕಿಕೊಳ್ಳುತ್ತಿದ್ದೆನಲ್ಲ, ನೀನ್ಯಾಕೆ ಬಾಯಿ ಹಾಕಿದೆ, ಸಮಿತಿ ಇರುವುದು ಯಾತಕ್ಕೆ ಎಂದು ಕೂಗಾಡಿದೆ.

"ಸರಿಯಾಗಿ ಮಾಡುದ್ರೆ ನಂದು, ತಪ್ಪಾದ್ರೆ ನಿಮ್ದಾ ಅಕ್ಕ?" ಎಂದಳು. "ಅಂಗಾದ್ರೆ ನಾನು ಯಾವಾಗ ಕೆಲ್ಸ ಕಲ್ಯೋದು?"

ನಾನು ಪತ್ರವನ್ನು ಮಡಿಸಿ ಬ್ಯಾಗಿಗೆ ಹಾಕಿದೆ. ಹಿರಿಯರು ಎದ್ದು ಬಂದು ಪೆಟ್ಟಿಗೆಯ ಮೇಲಿನ ಹಾಳೆಯನ್ನು ಎರಡು ಕೈಯಲ್ಲೂ ಹಿಡಿದು ಓದಿದರು, ಜೋಪಾನವಾಗಿ ಅಲ್ಲೇ ಇಟ್ಟರು. "ನಾನು ಇಂಗೆ ಒಂದು ಸಾಲೂ ಬರೀನಿಲ್ಲ ಕಣವ್ವ" ಎಂದರು ಅವಳಿಗೆ. ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಿಟ್ಟರು.

ಪ್ರಮಾಣಪತ್ರ ಬರಲು ಎರಡು ತಿಂಗಳು ಹಿಡಿಯಿತು. ಬಂತು. ಉಳಿದ ಇಪ್ಪತ್ತೆರಡು ಕಟ್ಟುಗಳನ್ನು ಅವಳು ಈಗ ಬಿಚ್ಚುತ್ತಿದ್ದಾಳೆ, ಒಂದೊಂದು ಹಾಳೆಗೂ ನಂಬರ್ ಹಾಕುತ್ತ. ನನ್ನ ಪತ್ರ ಇನ್ನೂ ನನ್ನ ಬ್ಯಾಗಿನಲ್ಲೇ ಇದೆ, ಯಾರೂ ಕೇಳಲಿಲ್ಲ.

ಮೊನ್ನೆ ಹೋದಾಗ ಅವಳ ಪಟ್ಟಿಯನ್ನು ಮೊದಲಿಂದ ಕೊನೆಯವರೆಗೆ ಓದಿದೆ. ವಾರ್ಡನ್ ಬರೆದದ್ದು, ಮೇಷ್ಟ್ರು ಬರೆದದ್ದು, ವೈದ್ಯರು ಬರೆದದ್ದು. ಹಾಡಿಯವರದು ಎಂದರೆ ಹೆಬ್ಬೆಟ್ಟು ಮಾತ್ರ. ಅಷ್ಟೂ ಕಾಗದದಲ್ಲಿ ಅವರಲ್ಲೊಬ್ಬರು ತಾವೇ ಬರೆದು ಸಹಿ ಹಾಕಿದ ಹಾಳೆ ಒಂದೇ ಒಂದು, 'ಕೆಡಿಸಿದವಳು ನಾನು' ಎಂಬುದು. ಅದರ ಬದಲಿಗೆ ನಾನು ನನ್ನ ಹೆಸರು ಬರೆಯಲು ಹೊರಟಿದ್ದೆ.

ಅವಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದು ಮೊದಲ ಪೆಟ್ಟಿಗೆಯಲ್ಲಿ, ಎಲ್ಲಕ್ಕಿಂತ ಮೇಲೆ, ಅವಳ ಕೈಬರಹದಲ್ಲೇ ಇದೆ.